ನೆಲದ ಮೇಲೆ ಕೂರಬಾರದು ಎಂದವಳು

ಬಿದ್ದದ್ದು ಬಚ್ಚಲಲ್ಲಿ. ಹಂಡೆಯಿಂದ ನೀರು ತೋಡಿಕೊಳ್ಳಲು ತಿರುಗಿದೆ. ಬಲಗಾಲು ಜಾರಿತು. ಸೊಂಟದ ಪಕ್ಕ ಒಣ ಪುಳ್ಳೆ ಮುರಿದ ಹಾಗೆ ಸದ್ದಾಯಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು.

ಬಿದ್ದಲ್ಲಿಂದಲೇ ಕಾಲು ನೋಡಿಕೊಂಡೆ. ಪಾದ ಹೊರಕ್ಕೆ ವಾಲಿತ್ತು. ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು. ಇಂಥ ಕಾಲುಗಳನ್ನು ಎಷ್ಟೋ ನೋಡಿದವಳಾದ್ದರಿಂದ ಎಕ್ಸ್‌ರೇಗೆ ಕಾಯಬೇಕಾಗಿರಲಿಲ್ಲ.

"ರತ್ನಾ, ನನ್ನ ಹಿಡಿದು ಎಳೀಬೇಡ ಕಣೆ. ಒಂದು ಹಲಗೆ ತರಿಸು," ಎಂದು ಒಳಗಿನಿಂದಲೇ ತಂಗಿಗೆ ಕೂಗಿದೆ. ಅವಳು ಅಳುತ್ತಲೇ ಪಕ್ಕದ ಮನೆಯವರನ್ನು ಕರೆದಳು.

ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ಫೀಮರ್ ನೆಕ್ ಫ್ರಾಕ್ಚರ್.

ಆಗ ನನಗೆ ಐವತ್ತೆರಡು. ನಾನು ಫಿಸಿಯೋಥೆರಪಿಸ್ಟ್. ಮದರಾಸಿನಲ್ಲಿ ಓದಿ, ಎಪ್ಪತ್ತರ ದಶಕದ ಮೊದಲಲ್ಲಿ ಹೊಸೂರಿನ ಆಸ್ಪತ್ರೆಯೊಂದಕ್ಕೆ ಬಂದೆ. ಊರಿನ ಸುತ್ತ ಫ್ಯಾಕ್ಟರಿಗಳು ಆಗಿನ್ನೂ ಕಣ್ಣು ಬಿಡುತ್ತಿದ್ದವು. ನನ್ನ ಕೆಲಸವನ್ನು ಜನ 'ಕೈಕಾಲು ನೀವೋದು' ಎನ್ನುತ್ತಿದ್ದರು. ನೀವೋದಕ್ಕೆ ಮದರಾಸಿಗೆ ಹೋಗಿ ಓದಬೇಕಿತ್ತೇ ಎಂದು ನಮ್ಮ ಸೋದರತ್ತೆಯೇ ಕೇಳಿದ್ದುಂಟು. ನನಗೆ ಹುಚ್ಚು ಹಿಡಿದದ್ದು ಬೇರೆಯದಕ್ಕೆ. ವಯಸ್ಸಾದವರು ಹೇಗೆ ನಡೆಯುತ್ತಾರೆ, ಯಾವ ಕೀಲು ಎಷ್ಟು ಬಾಗುತ್ತದೆ, ಮೈಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಎಂಬುದಕ್ಕೆ. ಬಯೋಮೆಕಾನಿಕ್ಸ್ ಎಂಬ ಹೆಸರು ಆಸ್ಪತ್ರೆಯಲ್ಲಿ ಯಾರ ಬಾಯಿಗೂ ತಿರುಗುತ್ತಿರಲಿಲ್ಲ. ಹಿಂಭಾಗದ ಹಳೇ ಸ್ಟೋರ್ ರೂಮನ್ನು ಜಗಳ ಮಾಡಿ ಪಡೆದೆ. ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಮುದುಕ ಮುದುಕಿಯರ ಅಂಗಾಲಿಗೆ ಕೆಮ್ಮಣ್ಣು ಹಚ್ಚಿ, ಉದ್ದನೆಯ ಕಾಗದದ ಮೇಲೆ ನಡೆಸಿ ಹೆಜ್ಜೆ ಅಳೆದೆ. ವಾಚು ಹಿಡಿದು ಕುರ್ಚಿಯಿಂದ ಏಳಿಸಿದೆ. ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದೆ. ಹತ್ತು ವರ್ಷಕ್ಕೂ ಮೀರಿ ಬರೆದೆ.

ಮಂಡಿನೋವು, ಸೊಂಟನೋವು ಎಂದು ಬಂದವರಿಗೆಲ್ಲ ನಾನು ಹೇಳುತ್ತಿದ್ದ ಬುದ್ಧಿಮಾತು ಒಂದೇ. ನೆಲದ ಮೇಲೆ ಕೂರಬಾರದು. ಕುಕ್ಕರುಗಾಲಲ್ಲಿ ಕೂರಬಾರದು. ಕುರ್ಚಿಯಲ್ಲಿ ಕೂರಿ. ನಾನು ಓದಿದ ಪುಸ್ತಕಗಳು ಹಾಗೆ ಹೇಳಿದ್ದವು. ಆ ಪುಸ್ತಕ ಬರೆದವರ ಊರಲ್ಲಿ ಎಲ್ಲರ ಮನೆಯಲ್ಲೂ ಕುರ್ಚಿ ಇತ್ತು, ಅದು ನನಗೆ ಹೊಳೆಯಲಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿ, ಚಿತ್ರ ಹಾಕಿಸಿ ಚಾರ್ಟ್ ಮಾಡಿಸಿದೆ. ವಾರ್ಡುವಾರ್ಡಿಗೂ ತೂಗುಹಾಕಿಸಿದೆ.

ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಆ ಚಾರ್ಟ್ ನನ್ನೆದುರಿಗೇ ಇತ್ತು.

ಸರ್ಜನ್ ನನಗಿಂತ ಎಷ್ಟೋ ಚಿಕ್ಕವರು, ಸೇಲಂ ಕಡೆಯವರು. "ಸ್ಕ್ರೂ ಚೆನ್ನಾಗಿ ಕೂತಿದೆ ಮೇಡಂ. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬೇಡಿ. ಆಮೇಲೆ ವಾಕರ್. ನೆಲದ ಮೇಲೆ ಕೂರೋದು ಮಾತ್ರ ಲೈಫ್‌ಲಾಂಗ್ ಕೂಡಾದು," ಎಂದು ಕನ್ನಡದ ಬಾಲಕ್ಕೆ ತಮಿಳು ಸೇರಿಸಿ ಹೇಳಿದರು. ಚಾರ್ಟಿನತ್ತ ನೋಡಿ ನಕ್ಕರು. "ನಿಮಗೆ ನಾನು ಹೇಳಬೇಕಾ?"

ನಾನೂ ನಕ್ಕೆ. ನಗದೆ ಏನು ಮಾಡಲಿ.

ನಾನು ಮದುವೆಯಾದವಳಲ್ಲ. ಮತ್ತಿಗಿರಿಯಲ್ಲಿ ರತ್ನ ಮತ್ತು ಅವಳ ಗಂಡನ ಜೊತೆ ಇದ್ದೆ. ಆ ಮನೆಯಲ್ಲಿ ಬದುಕೆಲ್ಲ ನೆಲದ ಮೇಲೆಯೇ. ಊಟ ಅಲ್ಲಿ, ತರಕಾರಿ ಹೆಚ್ಚೋದು ಅಲ್ಲಿ, ಹೂ ಕಟ್ಟೋದು ಅಲ್ಲಿ, ಮಾತುಕತೆಯೂ ಅಲ್ಲೇ. ನನಗೆ ಮಾತ್ರ ಮರದ ಕುರ್ಚಿ. ಊಟಕ್ಕೆ ಕೂತಾಗ ನನ್ನ ತಟ್ಟೆ ಸ್ಟೂಲಿನ ಮೇಲೆ, ಅವರ ತಟ್ಟೆ ಕೆಳಗೆ. ನನಗೆ ಕಾಣುತ್ತಿದ್ದದ್ದು ತಂಗಿಯ ಬೈತಲೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ನನ್ನನ್ನು ಏನಾದರೂ ಕೇಳುವಾಗ ತಲೆಯೆತ್ತಿ, ಕಿವುಡಿಯನ್ನು ಕೇಳುವ ಹಾಗೆ ಗಟ್ಟಿಯಾಗಿ ಕೇಳುತ್ತಿದ್ದರು. ಪಾಪ, ಅವರ ತಪ್ಪಿಲ್ಲ. ಇನ್ನು ಕಕ್ಕಸಿನಲ್ಲಿ ನಡುವೆ ತೂತು ಕೊರೆಸಿದ ಸ್ಟೂಲು. ಎಷ್ಟೋ ಮಂದಿಗೆ ಆ ಸ್ಟೂಲಿನ ಅಳತೆಯನ್ನು ನಾನೇ ಬರೆದುಕೊಟ್ಟಿದ್ದೆ. ಒಂದು ದಿನವೂ ಅದರ ಮೇಲೆ ಕೂತು ನೋಡಿರಲಿಲ್ಲ.

ಐದು ತಿಂಗಳು ಹೀಗೆ ಕಳೆಯಿತು. ಮೂಳೆ ಕೂಡುತ್ತಾ ಬಂತು, ತೊಡೆ ಸೊರಗುತ್ತಾ ಹೋಯಿತು. ಟೇಪು ಹಿಡಿದು ವಾರಕ್ಕೊಮ್ಮೆ ಅಳೆದುಕೊಳ್ಳುತ್ತಿದ್ದೆ. ಅಳೆಯುವ ಚಟ ಎಲ್ಲಿ ಬಿಡುತ್ತದೆ.

ಆಗ ಬಂದವರು ಗುಮ್ಮಳಾಪುರದ ನಂಜಮ್ಮಜ್ಜಿ. ಎಪ್ಪತ್ತು ದಾಟಿದ್ದರು. ಏಳೆಂಟು ವರ್ಷದ ಹಿಂದೆ ಮಂಡಿನೋವೆಂದು ನನ್ನ ಬಳಿ ಬಂದು, ಆಮೇಲೆ ವರ್ಷಕ್ಕೊಮ್ಮೆ ಅಳತೆ ಕೊಡಲು ತಪ್ಪದೆ ಬರುತ್ತಿದ್ದರು. ನನ್ನ ನೋಟುಬುಕ್ಕಿನಲ್ಲಿ ಅವರದು ಹೆಮ್ಮೆಯ ಪುಟ. ಕುರ್ಚಿ ಬಳಸಿ ಸುಧಾರಿಸಿದ ಮಂಡಿ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೆ.

ಎರಡು ಬಸ್ಸು ಬದಲಾಯಿಸಿ, ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಿದ್ದರು. ರತ್ನ ಕುರ್ಚಿ ತಂದಳು. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ ನನ್ನ ಕಾಲ ಬಳಿ ನೆಲಕ್ಕೆ ಕೂತುಬಿಟ್ಟರು.

"ಅಜ್ಜಿ, ನೆಲದ ಮೇಲೆ ಕೂರಬೇಡಿ ಅಂತ ಹೇಳಿರಲಿಲ್ವಾ?" ಎಂದೆ.

"ಹೇಳಿದ್ರಿ ಕಣವ್ವ. ಕೇಳಿದ್ದಿದ್ರೆ ನಾನಿವತ್ತು ಇಲ್ಲೀಗಂಟ ಬತ್ತಿದ್ನಾ?"

"ಮತ್ತೆ ವರ್ಷ ವರ್ಷವೂ ಕುರ್ಚಿ ಮೇಲೇ ಕೂರೋದು ಅಂತ ಹೇಳ್ತಿದ್ರಲ್ಲ?"

"ನೀವು ಕೇಳ್ತಿದ್ರಿ, ನಾನು ಊಂ ಅಂತಿದ್ದೆ. ಓದಿರೋರು ಅಷ್ಟು ಆಸೆಯಿಂದ ಕೇಳ್ವಾಗ ಇಲ್ಲ ಅನ್ನಾಕಾಯ್ತದಾ? ಕಳೆ ಕೀಳಾಕೆ ಕುರ್ಚಿ ಹೊತ್ಕೊಂಡು ಹೋಗ್ಲಾ ತಾಯಿ? ನಮ್ಮನೇಲಿ ಕುರ್ಚೀನೇ ಇಲ್ಲ."

ಅವರ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

"ಮಿಕ್ಕವರು?" ಎಂದು ಕೇಳಿದೆ.

"ಎಲ್ರೂ ಅಷ್ಟೇಯ. ಬಸ್ಸಲ್ಲಿ ಬರೋವಾಗ್ಲೇ ಮಾತಾಡ್ಕೊಂಬತ್ತಿದ್ವಿ. ಕುರ್ಚಿ ಅಂದ್ಬುಡ್ರವ್ವ, ಡಾಕ್ಟ್ರಮ್ಮ ಖುಷಿ ಪಡ್ತಾರೆ ಅಂತ."

ನಾನು ಡಾಕ್ಟರಲ್ಲ ಎಂದು ಅವರಿಗೆ ನೂರು ಸಲ ಹೇಳಿದ್ದೆ. ಅದನ್ನೂ ಕೇಳಿರಲಿಲ್ಲ. ಹೊರಡುವಾಗ ಎರಡು ಕೈ ನೆಲಕ್ಕೂರಿ, ತಲೆ ಮುಂದಕ್ಕೆ ಹಾಕಿ, "ಶಿವನೇ" ಎಂದು ಎದ್ದು ಹೊರಟೇಬಿಟ್ಟರು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ.

ಅವತ್ತು ನೋಟುಬುಕ್ಕುಗಳನ್ನೆಲ್ಲ ತರಿಸಿಕೊಂಡೆ. ಪುಟಪುಟದಲ್ಲೂ 'ಕುರ್ಚಿ' ಎಂಬ ಕಾಲಮ್ಮು, ಅದರ ಕೆಳಗೆ ಸಾಲಾಗಿ ಟಿಕ್ ಗುರುತು. ಅಳತೆಗಳು ಸರಿಯಾಗಿದ್ದವು. ಕೋನ, ಹೆಜ್ಜೆ, ಸೆಕೆಂಡು, ಒಂದೂ ತಪ್ಪಿರಲಿಲ್ಲ. ಆದರೆ ಯಾವುದರಿಂದ ಸುಧಾರಿಸಿದರು ಎಂದು ನಾನು ಬರೆದದ್ದು ನನ್ನ ಮೇಲಿನ ಮರ್ಯಾದೆಗೆ ಅವರು ಹೇಳಿದ ಸುಳ್ಳು. ನಾನು ಕುರ್ಚಿಗೆ ಕೊಟ್ಟ ಮಾರ್ಕು, ರಾಗಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಸರಿಯುತ್ತಾ ಕಳೆ ಕಿತ್ತ ಕಾಲುಗಳಿಗೆ ಸೇರಬೇಕಾದದ್ದೋ ಏನೋ. ಅದೂ ಖಂಡಿತ ಗೊತ್ತಿಲ್ಲ. ನಿಜವಾಗಿ ಕುರ್ಚಿಯಲ್ಲಿ ಕೂತವರು ಯಾರು, ಕೂತು ಕಾಲು ಕಳೆದುಕೊಂಡವರು ಯಾರು, ನೆಲಕ್ಕೆ ಕೂತು ಮಂಡಿ ಹಾಳುಮಾಡಿಕೊಂಡವರು ಯಾರು? ಅದೊಂದೂ ನನ್ನ ಪುಸ್ತಕಗಳಲ್ಲಿರಲಿಲ್ಲ. ನಾಚಿಕೆಯಾಯಿತು. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ಆಸ್ಪತ್ರೆಯವರು ಅಷ್ಟರಲ್ಲಿ ಸೌಮ್ಯವಾಗಿ ಹೇಳಿಕಳಿಸಿದ್ದರು, ಇನ್ನು ವಿಶ್ರಾಂತಿ ತೆಗೆದುಕೊಳ್ಳಬಹುದಲ್ಲ ಎಂದು. ಪುಸ್ತಕ ಮುಚ್ಚಿ ಕೂರಬಹುದಿತ್ತು. ಇಲ್ಲವಾದರೆ ಆ ಮುದುಕರ ಮನೆಮನೆಗೆ ಹೋಗಿ ಮೊದಲಿನಿಂದ ಕೇಳಬೇಕಿತ್ತು. ಹೋದರೆ ಅವರು ಕುರ್ಚಿ ಹಾಕುತ್ತಾರೆ, ನಾನು ಮೇಲೆ ಕೂರುತ್ತೇನೆ, ಅವರು ಕೆಳಗಿನಿಂದ ಮತ್ತೆ ಊಂ ಅನ್ನುತ್ತಾರೆ. ಅಷ್ಟು ಮಾತ್ರ ನನಗೆ ಖಾತ್ರಿಯಾಗಿತ್ತು.

ನಾನು ನೆಲಕ್ಕೆ ಕೂರಬೇಕಿತ್ತು. ಕೂತು ಏಳಬೇಕಿತ್ತು.

ಮುಂದಿನ ಚೆಕಪ್ಪಿನಲ್ಲಿ ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಕೂಡಿದೆಯಾ?" ಎಂದೆ.

"ಚೆನ್ನಾಗಿ ಕೂಡಿದೆ."

"ಹಾಗಾದರೆ ನೆಲಕ್ಕೆ ಕೂರ್ತೀನಿ."

ಅವರು ಫಿಲ್ಮು ಕೆಳಗಿಟ್ಟರು. "ಮೇಡಂ, ಮೂಳೆಯ ತಲೆಗೆ ರಕ್ತ ಸಾಲದೆ ಮುಂದೆ ಕುಸಿಯಬಹುದು. ಬಿದ್ದರೆ ಮತ್ತೆ ಮುರಿಯಬಹುದು. ಈ ವಯಸ್ಸಲ್ಲಿ ರಿಸ್ಕ್ ಯಾಕೆ?"

"ಕುರ್ಚಿಯಲ್ಲಿ ಕೂತರೆ ಕುಸಿಯೋದಿಲ್ಲ ಅಂತ ಬರೆದುಕೊಡ್ತೀರಾ?"

ಪ್ರಾಮಾಣಿಕ ಮನುಷ್ಯ. "ಬರೆದುಕೊಡೋಕಾಗಲ್ಲ. ಆದರೆ ನಾನು ಬೇಡ ಅಂದೆ ಅಂತ ಕೇಸ್ ಶೀಟಿನಲ್ಲಿ ಬರೀತೀನಿ."

"ಬರೀರಿ. ಅವಳು ಕೇಳಲಿಲ್ಲ ಅಂತಲೂ ಬರೀರಿ."

ಮೊದಲ ಸಲ ಕೂತದ್ದು ರತ್ನ ಸಂತೆಗೆ ಹೋಗಿದ್ದಾಗ. ಮಂಚದ ಕಾಲು ಹಿಡಿದು ಮೆಲ್ಲಗೆ ಇಳಿದೆ. ಇಳಿಯುವುದು ಸುಲಭವಾಯಿತು. ಮನೆಯೇ ಬೇರೆಯಾಗಿ ಕಂಡಿತು, ಗೋಡೆ ಎತ್ತರ, ಹೊಸಿಲು ಹತ್ತಿರ. ಏಳಲು ಹೋದೆ. ಆಗಲಿಲ್ಲ. ಮತ್ತೆ ಹೋದೆ, ತೊಡೆ ನಡುಗಿ ಕುಸಿಯಿತು. ಬೇರೆಯವರಿಗೆ ಏಳುವುದನ್ನು ಕಲಿಸಿ ಸಂಬಳ ತಿಂದವಳು ಮಂಚಕ್ಕೆ ಒರಗಿಕೊಂಡು ಅತ್ತುಬಿಟ್ಟೆ. ರತ್ನ ಬಂದು ಚೀಲ ಅಲ್ಲೇ ಹಾಕಿ ಕಂಕುಳಿಗೆ ಕೈಕೊಟ್ಟು ಎತ್ತಿದಳು.

"ಅಕ್ಕಾ, ಕಾಲು ಮುರ್ಕೊಂಡೆ ಸರಿ, ಬುದ್ಧಿನೂ ಮುರ್ಕೊಂಡ್ಯಾ?"

"ನಂಜಮ್ಮಜ್ಜಿಗೆ ಹೇಳಿಕಳಿಸು," ಎಂದೆ.

ಅಜ್ಜಿ ಬಂದರು. ಸೆರಗು ಸಿಕ್ಕಿಸಿ ನನ್ನೆದುರು ಕೂತು, ನಾನು ಏಳಲು ಒದ್ದಾಡುವುದನ್ನು ಎರಡು ಸಲ ನೋಡಿದರು. ನಾನು ಅವರನ್ನು ಅಷ್ಟು ವರ್ಷ ನೋಡಿದ್ದಕ್ಕಿಂತ ಹುಷಾರಾಗಿ ನೋಡಿದರು.

"ತಲೆ ಯಾಕವ್ವ ಮೇಲಕ್ಕೆ ಇಟ್ಕೊಂಡಿದ್ದೀರಾ? ಮುಂದಕ್ಕಾಕಿ. ಇನ್ನಾ ಮುಂದಕ್ಕೆ. ತಲೆ ಬಗ್ಗಿದ್ರೆ ಕುಂಡಿ ತಾನೇ ಎದ್ಬತ್ತದೆ."

ರತ್ನ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೈಭಾರದ ಕೇಂದ್ರ ಪಾದದ ಮೇಲೆ ಬಂದರೆ ಏಳುವುದು ಸಲೀಸು ಎಂದು ಇದನ್ನೇ ನಾನು ಎರಡು ಪುಟ ಬರೆದಿದ್ದೆ. ನನ್ನ ತಲೆ ಮಾತ್ರ ಬಗ್ಗಿರಲಿಲ್ಲ.

ಆಮೇಲೆ ನನಗೆ ಗೊತ್ತಿದ್ದ ವಿದ್ಯೆಯನ್ನೂ ಸೇರಿಸಿದೆ. ಮನೆಯಲ್ಲಿದ್ದ ಊಟದ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ, ಗೋಡೆಗೆ ಒತ್ತಿಟ್ಟು, ಅದರ ಮೇಲೆ ಕೂತು ಎದ್ದೆ. ಆ ಎತ್ತರ ಸಲೀಸಾದ ಮೇಲೆ ಒಂದು ಮಣೆ ತೆಗೆದೆ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ನೋವಾದ ದಿನ ಒಂದು ಮಣೆ ಮತ್ತೆ ಸೇರಿಸಿದೆ. ರತ್ನ ಪಕ್ಕದಲ್ಲಿ ನಿಂತು ಬೈಯುತ್ತಲೇ ಎಣಿಸುತ್ತಿದ್ದಳು. ಅವಳ ಗಂಡ ಶಿಫ್ಟ್ ಮುಗಿಸಿ ಬಂದವನು, "ಇವತ್ತೆಷ್ಟು ಮಣೆ?" ಎಂದು ಕೇಳಿಯೇ ಚಪ್ಪಲಿ ಬಿಡುತ್ತಿದ್ದ. ಎರಡೂವರೆ ತಿಂಗಳಿಗೆ ಕೊನೆಯ ಮಣೆಯೂ ಹೋಯಿತು.

ಒಂದು ಗುರುವಾರ ಬರಿನೆಲದಿಂದ ಯಾರನ್ನೂ ಹಿಡಿಯದೆ ಎದ್ದೆ.

ರತ್ನ ಎಣಿಸುವುದನ್ನು ಮರೆತು ನಿಂತಿದ್ದಳು. ಅವತ್ತು ನನ್ನ ತಟ್ಟೆಯನ್ನು ತಾನೇ ಕೆಳಗಿಟ್ಟಳು. ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಬಹಳ ಮಾತಾಡಿದೆವು.

ಕೋಲು ಊರಿಕೊಂಡು ಕೆಲಸಕ್ಕೆ ಮರಳಿದೆ. ಚಾರ್ಟುಗಳನ್ನು ತೆಗೆಸಿದೆ. ಆ ಜಾಗದಲ್ಲಿ ಏನು ಹಾಕ್ತೀರಿ ಎಂದು ಸೂಪರಿಂಟೆಂಡೆಂಟ್ ಕೇಳಿದರು. ಗೊತ್ತಾದ ಮೇಲೆ ಹಾಕ್ತೀನಿ ಎಂದೆ. ನಾನೇನೂ ಗೆದ್ದುಬಿಟ್ಟೆ ಎಂದು ಬೀಗುತ್ತಿಲ್ಲ. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಆಗಬೇಕು. ಸರ್ಜನ್ ಹೇಳಿದ್ದು ನಿಜವಾದರೂ ಆಗಬಹುದು, ಮೂಳೆ ಒಂದು ದಿನ ಕುಸಿಯಬಹುದು. ಆ ದಿನಕ್ಕೆ ಹೆದರಿ ಇವತ್ತಿನಿಂದಲೇ ಕುರ್ಚಿಗೆ ಅಂಟಿಕೊಳ್ಳುವವಳು ನಾನಲ್ಲ. ಮೂಳೆ ಕೂಡಿಸಿದ ಕೈಗೂ, ಬೈದ ತಂಗಿಗೂ, ಕುಂಡಿ ಎತ್ತಲು ಕಲಿಸಿದ ಅಜ್ಜಿಗೂ ನಾನು ಋಣಿ.

ಕಳೆದ ತಿಂಗಳು ಜೀಪಿನಲ್ಲಿ ತಳಿ ಊರಿನ ಕಡೆಗೆ ಹೋದೆ. ಮೊದಲ ಮನೆ ತಿಮ್ಮರಾಯಪ್ಪನವರದು. ಎಪ್ಪತ್ತೈದರ ಮೇಲಾದ ವಯಸ್ಸು, ಕೋಸು ಬೆಳೆಯುವವರು. ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ದಿನವೂ ಕುರ್ಚಿ, ಬಿದ್ದದ್ದಿಲ್ಲ' ಎಂದಿತ್ತು. ಕೋಲೂರಿಕೊಂಡು ಬಂದ ನನ್ನನ್ನು ಕಂಡು ಪಕ್ಕದ ಮನೆಯಿಂದ ಕುರ್ಚಿ ತರಿಸಿ, ಟವೆಲ್ಲಿನಿಂದ ಒರೆಸಿ ಇಟ್ಟರು.

"ಕುರ್ಚಿ ಬೇಡ ತಾತ," ಎಂದೆ. ಕೋಲು ಗೋಡೆಗೆ ಒರಗಿಸಿದೆ. ಕೈಯೂರಿ, ಮಂಡಿಯೂರಿ, ಅವರ ಮನೆಯ ನೆಲಕ್ಕೆ ಕೂತೆ.

ತಾತ ನಿಂತೇ ಇದ್ದರು. ಆಮೇಲೆ ಅವರೂ ಕೂತರು. ನನ್ನ ಕಾಲನ್ನೇ ನೋಡಿದರು.

"ಏಳಾಕಾಯ್ತದೇನವ್ವ?"

"ಒಂದೊಂದು ದಿನ ಆಗುತ್ತೆ ತಾತ. ಒಂದೊಂದು ದಿನ ಯಾರಾದರೂ ಕೈ ಕೊಡಬೇಕಾಗುತ್ತೆ."

ತಾತ ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಬಾಗಿಲ ಕಡೆ ನೋಡಿದರು. ಹತ್ತಿರಕ್ಕೆ ಸರಿದರು.

"ನಂಗೂ ಅಷ್ಟೇ ಕಣವ್ವ. ಹೋದ ತಿಂಗ್ಳು ಎರಡು ಸಲ ಬಿದ್ದೆ. ಮನೇಲಿ ಯಾರ್ಗೂ ಹೇಳಿಲ್ಲ."

ಹಳೆಯ ಪುಟ ಹೊಡೆದುಹಾಕಿ ಹೊಸ ಪುಟ ತೆಗೆದೆ. "ಎಲ್ಲಿ ಬಿದ್ರಿ, ಹೇಳಿ," ಎಂದೆ.