ಚಿದಾನಂದನ ಇನ್ಶೂರೆನ್ಸ್

ಅಮೆರಿಕದ ನಮ್ಮ ಅಲೆನ್ ಊರಿನ ಕನ್ನಡದವರು ಕಾರು ಕೊಂಡರೆ ಇನ್ಶೂರೆನ್ಸಿಗೆ ನನ್ನ ಹತ್ತಿರ ಬರುತ್ತಾರೆ, ಓಡಿಸುವುದು ಕಲಿಯಬೇಕೆಂದರೆ ಚಿದಾನಂದನ ಹತ್ತಿರ ಹೋಗುತ್ತಿದ್ದರು. ಧಾರವಾಡದ ಈ ಮನುಷ್ಯ ಕೆಲಸದಲ್ಲಿ ಇಂಜಿನಿಯರ್. ಆದರೂ ಶನಿವಾರ ಬಂದರೆ ಹೊಸದಾಗಿ ಅಮೆರಿಕಕ್ಕೆ ಬಂದ ಹೆಂಗಸರ ಪಕ್ಕದಲ್ಲಿ ಕೂತು, ಸ್ವಲ್ಪವೂ ರೇಗದೆ, ಅವರ ಹೈವೇ ಭಯ ಬಿಡಿಸುತ್ತಿದ್ದ. ಇಂಥವನೇ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ.

ಹತ್ತಿರದ ಪ್ರಾಸ್ಪರ್ ಊರಿನಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶ. ಬೆಳಿಗ್ಗೆ ಸತ್ಯನಾರಾಯಣ ಪೂಜೆ, ಸಂಜೆ ಗ್ಯಾರೇಜಿನಲ್ಲಿ ಗಂಡಸರ ವಿಸ್ಕಿ. ಹೊರಡುವ ಮುಂಚೆ ಚಿದಾನಂದ ಎರಡು ತಟ್ಟೆ ಮೊಸರನ್ನ ತಿಂದ. "ಮೊಸರನ್ನ ಹೊಟ್ಟಿಗೆ ಬಿದ್ರ ಎಲ್ಲಾ ಇಳೀತದ" ಎಂದ. ಅಲ್ಲಿದ್ದ ಇಂಜಿನಿಯರುಗಳು, ಒಬ್ಬ ಡಾಕ್ಟರು ಸೇರಿ, ಹೌದೌದು ಎಂದು ತಲೆಯಾಡಿಸಿದರು. ಓದಿದವರ ಬುದ್ಧಿ ನೋಡಿ! ದಾರಿಯಲ್ಲಿ ತಡೆದ ಪೊಲೀಸರ ಉಸಿರು ಅಳೆಯುವ ಮಷೀನಿಗೆ ಮೊಸರನ್ನದ ಮಹಿಮೆ ಗೊತ್ತಿರಲಿಲ್ಲ. ಅಡುಗೆಗೆ ನೆರವಾಗಲು ಬೆಳಿಗ್ಗೆಯೇ ಬೇರೆ ಕಾರಿನಲ್ಲಿ ಹೋಗಿದ್ದ ಹೆಂಡತಿ ನಳಿನಿ, ಮಗಳು ಅನನ್ಯಾ ಹಿಂದೆಯೇ ಬರುತ್ತಿದ್ದರು. ಅವನ ಕೈಗೆ ಬೇಡಿ ಹಾಕುವುದನ್ನು ಇಬ್ಬರೂ ನೋಡಿದರು.

ಕೋರ್ಟಿನಲ್ಲಿ ತಪ್ಪು ಸಾಬೀತಾಯಿತು. ಹಳೆಯ ಕಂಪನಿ ಅವನ ಪಾಲಿಸಿಯನ್ನು ಮುಂದುವರಿಸಲು ಒಪ್ಪಲಿಲ್ಲ. ನಾನು ಹುಡುಕಿದ ಇನ್ನೊಂದು ಕಂಪನಿ ಎರಡು ಪಟ್ಟಿಗಿಂತ ಹೆಚ್ಚು ಕೇಳಿತು. ಅದರ ಮೇಲೆ, ಇವನಿಗೆ ಇನ್ಶೂರೆನ್ಸ್ ಇದೆ ಎಂದು ಎರಡು ವರ್ಷ ಸರಕಾರಕ್ಕೆ ಖಾತ್ರಿಯನ್ನೂ ಕೊಡಬೇಕಿತ್ತು. "ಇದು ಎಂದಾದ್ರೂ ಕಡಿಮಿ ಆಗ್ತದೇನೋ, ಸುಧೀಂದ್ರ?" ಎಂದು ಕೇಳಿದ.

"ಆಗತ್ತೆ ಕಣೋ. ಕೆಲವು ವರ್ಷ ನೆಟ್ಟಗಿರಬೇಕು ಅಷ್ಟೆ" ಎಂದೆ.

"ತಪ್ಪು ನಂದು. ಕಟ್ತೀನಿ" ಎಂದ. ಕುಡಿಯುವುದನ್ನು ಸಿಕ್ಕಿಬಿದ್ದ ದಿನವೇ ಬಿಟ್ಟಿದ್ದ.

ದುಡ್ಡಿಗೆ ಅವನು ಅಳುಕಲಿಲ್ಲ. ಆದರೆ ಅನನ್ಯಾ ಅವನ ಕಾರು ಹತ್ತುವುದನ್ನೇ ನಿಲ್ಲಿಸಿದಳು. ಸ್ಕೂಲಿಗೆ, ಡ್ಯಾನ್ಸ್ ಕ್ಲಾಸಿಗೆ, ಎಲ್ಲಿಗಾದರೂ ಅಮ್ಮನ ಜೊತೆ, ಇಲ್ಲವೇ ಗೆಳತಿಯರ ಜೊತೆ. ಅವಳಿಗೆ ಡ್ರೈವಿಂಗ್ ಕಲಿಸುವ ವಯಸ್ಸು ಬಂದಾಗ ಕಾನೂನೂ ಅಡ್ಡ ಬಂತು: ಇಂಥ ಶಿಕ್ಷೆಯಾದವನು ಕೆಲವು ವರ್ಷ ಮಗಳಿಗೆ ಗುರುವಾಗುವಂತಿಲ್ಲ. ನಳಿನಿಯೇ ಕಲಿಸಿದಳು. ಇವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನನಗಂತೂ ಅವನನ್ನು ನೋಡಿ ಸಂಕಟವಾಗುತ್ತಿತ್ತು.

ಅನನ್ಯಾಳಿಗೆ ಲೈಸೆನ್ಸ್ ಬಂತು. ಅವಳ ಹೆಸರನ್ನು ಪಾಲಿಸಿಗೆ ಸೇರಿಸಲು ನಾನು ಅವರ ಮನೆಗೆ ಹೋದೆ. ಹೊಸ ಮೊತ್ತ ಕೇಳಿ ಚಿದಾನಂದ ಬೆಚ್ಚಿದ. "ಇಷ್ಟ್ಯಾಕೋ? ನನ್ನ ಕೇಸಿನ ಸಲುವಾಗಿ ಏನು?"

"ಇಲ್ಲ ಕಣೋ, ನಿನಗೆ ಏರೋದು ಆಗಲೇ ಏರಿ ಆಗಿದೆ. ಇದು ಇವಳ ಹದಿನಾರು ವರ್ಷಕ್ಕೆ. ಕಂಪನಿ ಲೆಕ್ಕದಲ್ಲಿ ನಿನಗಿಂತ ಇವಳೇ ಡೇಂಜರ್."

ಅನನ್ಯಾಳ ಮುಖ ಕೆಂಪಾಯಿತು. "ಬಟ್ ಅಂಕಲ್, ಐ ಡಿಡ್ ನಥಿಂಗ್!"

"ಹೌದವ್ವಾ" ಎಂದ ಚಿದಾನಂದ. "ನೀ ಏನೂ ಮಾಡಿಲ್ಲ. ಮಾಡಿದಾಂವ ನಾನು. ಅವತ್ತು ಹಿಂದಿನ ಕಾರಿನ್ಯಾಗ ನೀ ಇದ್ದಿ. ನನಗ ಭಾಳ ನಾಚಿಕಿ ಆಗ್ಯದ. ನಿನಗ ಹೇಳಾಕ ಧೈರ್ಯ ಆಗಿರಲಿಲ್ಲ."

 ಹುಡುಗಿ ಟೇಬಲ್ಲಿನ ಮೇಲಿದ್ದ ಅವನ ಕಾರಿನ ಕೀ ಎತ್ತಿಕೊಂಡು, "ಅಪ್ಪಾ, ಕಮ್. ಐ ವಿಲ್ ಡ್ರೈವ್" ಎಂದಳು.

ಇಬ್ಬರೂ ಕೆರೆಯ ತನಕ ಹೋಗಿ ಬಂದರು. ಹೇಗೆ ಓಡಿಸಿದಳು ಎಂದು ಕೇಳಿದೆ.

"ಬ್ರೇಕ್ ಭಾಳ ತಡಾ ಹಾಕ್ತಾಳ. ಎದಿ ಧಸಕ್ ಅಂತದ" ಎಂದು ಕಣ್ಣೊರೆಸಿಕೊಂಡ. "ಇಷ್ಟ್ ಸುಖಾ ಆಗಿ ನಾ ಎಂದೂ ಕಾರಿನ್ಯಾಗ ಕುಂತಿಲ್ಲೋ."