ಒಂದಕ್ಕೆ ಒಂದೇ ಹೆಸರು

ಬಲಗೈ ಹೆಬ್ಬೆರಳಿನ ಉಗುರನ್ನು ನಮ್ಮ ಪ್ರೆಸ್ಸಿನ ಯಜಮಾನರು ಉದ್ದಕ್ಕೆ ಬಿಟ್ಟಿದ್ದರು. ಪ್ರೂಫ್ ನೋಡುವಾಗ ಪೆನ್ನು ಮುಟ್ಟುತ್ತಿರಲಿಲ್ಲ. ತಪ್ಪು ಕಂಡಲ್ಲಿ ಆ ಉಗುರಿನಿಂದ ಹಾಳೆಯ ಮೇಲೆ ಗೀರು ಒತ್ತುತ್ತಿದ್ದರು. ಅದನ್ನು ಕಂಡುಹಿಡಿಯಲು ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಬೇಕಿತ್ತು.

"ಪೆನ್ನಿನ ಗುರ್ತು ಕಂಡ್ರ ಅದೊಂದು ತಿದ್ದಿ ಸುಮ್ಕಾಗ್ತಿ. ಹುಡುಕಿದ್ರ ಎಲ್ಲಾ ಓದ್ತಿ" ಎನ್ನುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಹೊಸಪೇಟೆಯ ಆ ಪ್ರೆಸ್ಸಿನಲ್ಲಿ ನಾನು ಟೈಪ್ ಮಾಡುತ್ತಿದ್ದವಳು. ಅದಿರಿನ ಲಾರಿಗಳು ರಸ್ತೆ ಬದಿಯ ಬೇವಿನ ಮರಗಳನ್ನೂ ಕೆಂಪು ಮಾಡಿದ್ದ ಕಾಲ. ಗಣಿಗಳ ಅಚ್ಚಿನ ಕೆಲಸವನ್ನೇ ನಂಬಿ ಯಜಮಾನರು ಹೊಸ ಆಫ್‌ಸೆಟ್ ಯಂತ್ರ ತಂದಿದ್ದರು.

ಒಂದು ದಿನ ಸಂಡೂರು ಕಡೆಯ ಗಣಿಯೊಂದರ ಸುರಕ್ಷತಾ ಕೈಪಿಡಿ ಅಚ್ಚಾಗುತ್ತಿತ್ತು. ಮರುದಿನ ಗಣಿಯಲ್ಲಿ ತಪಾಸಣೆ, ಸಂಜೆಯೊಳಗೆ ಪುಸ್ತಕ ತಲುಪಬೇಕು. ಒಯ್ಯಲು ಜೀಪಿನಲ್ಲಿ ಬಂದಿದ್ದವನು ಬಂಡ್ರಿಯ ಡ್ರಿಲ್ ಕೆಲಸಗಾರ. ಸುಮ್ಮನೆ ಕೂತಿದ್ದವನ ಕೈಗೆ ಯಜಮಾನರು ಅಚ್ಚಾದ ಹಾಳೆಗಳನ್ನು ಕೊಟ್ಟು ಓದಲು ಹೇಳಿದರು. ಅವನು ನಿಧಾನವಾಗಿ ಓದಿ ಕೇಳಿದ: "ಕುಳಿ ಹತ್ರ ಹೋಗಬ್ಯಾಡ ಅಂತ ಐತ್ರಿ. ಈ ರಂಧ್ರ ಅಂದ್ರ ಯಾವ್ದು? ಅದರ ಹತ್ರ ಹೋಗಬಹುದಾ?"

ಬಂಡೆ ಒಡೆಯಲು ಕೊರೆದು ಸಿಡಿಮದ್ದು ತುಂಬಿದ ಮೇಲೂ ಸಿಡಿಯದೆ ಉಳಿದ ಕುಳಿ ಅದು, ಯಾವಾಗ ಬೇಕಾದರೂ ಸಿಡಿಯಬಹುದು. ಅದೇ ಕುಳಿಗೆ ಒಂದು ಪುಟದಲ್ಲಿ 'ಸಿಡಿಯದ ಕುಳಿ', ಇನ್ನೊಂದರಲ್ಲಿ 'ಸಿಡಿಯದ-ರಂಧ್ರ', ಮತ್ತೊಂದರಲ್ಲಿ 'ಮಿಸ್‌ಫೈರ್‌ಹೋಲ್'. ಒಬ್ಬೊಬ್ಬ ಎಂಜಿನಿಯರ್ ಬರೆದುಕೊಟ್ಟದ್ದು ಒಂದೊಂದು ಥರ. ಹತ್ತಿರ ಹೋಗಬಾರದೆಂಬ ಮಾತು ಇದ್ದದ್ದು ಮೊದಲ ಹೆಸರಿನ ಜೊತೆ ಮಾತ್ರ.

ಯಜಮಾನರು ಅವನ ಕೈಯಿಂದ ಹಾಳೆ ಕಿತ್ತುಕೊಂಡು ಕೂಗಿದರು: "ಮಷೀನ್ ಬಂದ್ ಮಾಡ್ರಲೇ!"

ಫೋನಿನಲ್ಲಿ ಗಣಿಯ ಮ್ಯಾನೇಜರ್ ಕೂಗಿದ್ದು ನನ್ನ ಮೇಜಿನವರೆಗೂ ಕೇಳಿಸಿತು. "ಇವತ್ತು ಕೊಡ್ಲಿಲ್ಲಂದ್ರ ಯಾವ ಗಣಿ ಕೆಲ್ಸನೂ ನಿಮ್ಮ ಬಾಗ್ಲಿಗೆ ಬರಾಂಗಿಲ್ಲ!" ಯಜಮಾನರು ರಿಸೀವರ್ ಇಟ್ಟು, ಅಚ್ಚಾಗಿದ್ದ ಹಾಳೆಗಳನ್ನೆಲ್ಲ ಕಟಿಂಗ್ ಯಂತ್ರಕ್ಕೆ ಕೊಟ್ಟು ಎರಡು ತುಂಡು ಮಾಡಿದರು. ಹಾಗೇ ಬಿಟ್ಟಿದ್ದರೆ ಮ್ಯಾನೇಜರ್ ಬಂದು ಎತ್ತಿಕೊಂಡು ಹೋಗುತ್ತಿದ್ದರು.

ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸೋಣ ಎಂದೆ. ಆದರೆ ಆ ಹೆಸರುಗಳನ್ನು ಕೂಡಿಸಿ ಬರೆದದ್ದು, ಬಿಡಿಸಿ ಬರೆದದ್ದು, ನಡುವೆ ಗೆರೆ ಎಳೆದದ್ದು, ಸಾಲಿನ ಕೊನೆಗೆ ಮುರಿದದ್ದು, ಎಲ್ಲ ಅದರ ಕೈಗೆ ಸಿಗುವುದಿಲ್ಲ. ಕೊನೆಗೆ ನಾನು ಗಟ್ಟಿಯಾಗಿ ಓದುತ್ತ ಹೋದೆ, ಅವರು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ನೋಡಿದರು. ಅಷ್ಟರಲ್ಲಿ ಮ್ಯಾನೇಜರ್ ಬಂದೇಬಿಟ್ಟರು. ನಿಂತಲ್ಲೇ ಬಾಯಿಗೆ ಬಂದಂತೆ ಬೈದರು. ನನ್ನ ಓದು ನಿಂತಿತು.

"ಕುಂದ್ರಿ ಸಾಹೇಬ್ರ. ಬಯ್ಯೂದಿದ್ರ ಬಯ್ರಿ, ಸ್ವಲ್ಪ ಮೆಲ್ಲಕ ಬಯ್ರಿ. ಇಲ್ಲಿ ಓದಾಕತ್ತೀವಿ" ಎಂದರು ಯಜಮಾನರು, ಬೆರಳು ತೆಗೆಯದೆ.

ಮತ್ತೆ ಅಚ್ಚು ಮಾಡಿ, ಕತ್ತಲಾದ ಮೇಲೆ ಪುಸ್ತಕ ಹೋಯಿತು, ಎಲ್ಲ ಕಡೆಯೂ 'ಸಿಡಿಯದ ಕುಳಿ' ಎಂದೇ. ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. ಗಣಿಗಳ ಕೆಲಸ ನಿಂತಿತು. ಹೊಸ ಯಂತ್ರ ಮಾರಿಹೋಯಿತು. ಅದನ್ನು ಲಾರಿಗೇರಿಸಿದ ದಿನ ನನಗೆ ತಡೆಯಲಾಗಲಿಲ್ಲ. "ಆ ಪುಸ್ತಕದಿಂದ ಒಳ್ಳೇದಾಯ್ತು ಅಂತ ಒಬ್ಬರಾದ್ರೂ ಬಂದು ಹೇಳಿದ್ರೇನ್ರಿ?" ಎಂದೆ.

ಅವರು ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಸರಿಸಿದರು. "ಏನೂ ಆಗ್ಲಿಲ್ಲ ಅಂತ ಹೇಳಾಕ ಯಾರ್ ಬರ್ತಾರವ್ವಾ?"

ಅವರು ತೀರಿಕೊಂಡಾಗಲೂ ಗಣಿ ಕಡೆಯಿಂದ ಯಾರೂ ಬರಲಿಲ್ಲ. ಈಗ ನಾನು ನೀರೆತ್ತುವ ಮೋಟಾರುಗಳ ಕೈಪಿಡಿ ಬರೆಯುತ್ತೇನೆ. ನನಗೂ ಯಾರೂ ಬಂದು ಏನೂ ಹೇಳಿಲ್ಲ, ಅದು ನನಗೆ ಸಾಕು. ಅವರಿಗೆ ಮಾತ್ರ ಯಾರಾದರೂ ಹೇಳಬೇಕಿತ್ತು ಎಂಬ ಸಿಟ್ಟು ಇನ್ನೂ ಇಳಿದಿಲ್ಲ.