ನೀರಿನ ಬಿಗಿ

ಲಿಂಗಸೂಗೂರಿನ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನೀರಿನ ಅಣುಗಳು ಒಂದನ್ನೊಂದು ಹೇಗೆ ಸೆಳೆಯುತ್ತವೆ, ಹನಿ ಯಾಕೆ ಗುಂಡಗಾಗುತ್ತದೆ ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದವಳು. ಆ ಸೆಳೆತದಿಂದ ಒಂದು ಕೂಸು ಸಾಯಬಹುದೆಂದು ಮಾತ್ರ ಗೊತ್ತಿರಲಿಲ್ಲ.

ನನ್ನ ತಂಗಿಯನ್ನು ಮಸ್ಕಿಗೆ ಕೊಟ್ಟಿದೆ. ಏಳು ತಿಂಗಳು ತುಂಬುವ ಮೊದಲೇ ಬೇನೆ ಬಂದು ಸಿಂಧನೂರಿನ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಗಾಜಿನ ಪೆಟ್ಟಿಗೆಯೊಳಗೆ ಕೂಸು ಪ್ರತಿ ಉಸಿರಿಗೂ ನರಳುತ್ತಿತ್ತು. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತಿತ್ತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಶ್ವಾಸಕೋಶದ ಗಾಳಿಚೀಲದಾಗ ತೆಳ್ಳಗ ನೀರಿರ್ತೈತಿ ಮೇಡಂ. ಅದರ ಸೆಳೆತ ಸಡಿಲ ಮಾಡೋ ಜಿಡ್ಡು ಈ ಕೂಸಿಗೆ ಇನ್ನಾ ಹುಟ್ಟಿಲ್ಲ. ಉಸಿರು ಬಿಟ್ಟಾಗೆಲ್ಲ ಚೀಲ ಮುಚ್ಚಿಕೊಳ್ತಾವ."

ಅದಕ್ಕಿರುವ ಔಷಧವನ್ನು ನಳಿಕೆಯಿಂದ ಬಿಟ್ಟರು. ಆ ಮಧ್ಯಾಹ್ನ ತುಟಿ ಕೆಂಪಗಾದಂತೆ ಕಂಡಿತು. ಮರುದಿನ ಕೂಸು ಹೋಗಿಬಿಟ್ಟಿತು.

ಮುಂದಿನ ವಾರ ಮಸ್ಕಿಗೆ ಹೋದೆ. ತಂಗಿ ಮಾತು ಬಿಟ್ಟು ಕೂತಿದ್ದಳು. ಅವಳ ಅತ್ತೆ ಬಂದವರ ಮುಂದೆಲ್ಲ, "ತುಂಬಿದ ಕೊಡ ಎತ್ತಬ್ಯಾಡ ಅಂದ್ರ ಕೇಳಲಿಲ್ಲರೀ" ಎನ್ನುತ್ತಿದ್ದರು. ಆಸ್ಪತ್ರೆಯಲ್ಲೂ ಅದನ್ನೇ ಅಂದಿದ್ದರು; ಆಗಲೇ ನಾನು ಡಾಕ್ಟರಮ್ಮನನ್ನು ಕೇಳಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ತಂಗಿ ಕೇಳಿದಳು: "ಕೊಡ ಎತ್ತಿದ್ದಕ್ಕ ಸತ್ತಳೇನಕ್ಕ?"

ನಾನು ತರಕಾರಿಯ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಒಳಗೆಲ್ಲ ತೋಯಿಸಿ ನೀರು ಚೆಲ್ಲಿದೆ. ಎರಡೂ ಮಗ್ಗಲು ಅಂಟಿಕೊಂಡವು.

"ಅಕಿ ಎದಿಯೊಳಗ ನೀರು ಹಿಂಗ ಹಿಡಕೊಂಡಿತ್ತು. ಬ್ಯಾನಿ ಮೊದಲ ಯಾಕ ಬಂತು ಅಂತ ಡಾಕ್ಟರಿಗೂ ತಿಳಿದಿಲ್ಲ. ಒಂದು ಕೊಡಕ್ಕ ಹಂಗಾಗಲ್ಲಂತ ಅವರ ಹೇಳ್ಯಾರ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಡಾಕ್ಟರು ಹಂಗಂದ್ರಾ?" ಎಂದರು.

"ಹೌದ್ರೀ."

ಅವರು ಹೊಸ್ತಿಲ ಮೇಲೆ ಕೂತರು.

ತಂಗಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಾಯಿಗಿಟ್ಟು ಊದಿದಳು. ಕೆನ್ನೆ ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಚೀಲ ಬಿಚ್ಚಿಕೊಳ್ಳಲಿಲ್ಲ.

"ಇಷ್ಟು ಬಿಗಿ ಇತ್ತೇನಕ್ಕ? ಪ್ರತಿ ಉಸಿರಿಗೂ?"

ಅವಳ ಮೇಲಿನ ತಪ್ಪು ಇಳಿಸಲು ಹೋಗಿ, ಕೂಸು ಪಟ್ಟ ಪಾಡನ್ನು ಅವಳ ಕೈಗೇ ಕೊಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳು ದನಿ ತೆಗೆದು ಅತ್ತಳು. ಅತ್ತೆ ಎದ್ದು ಬಂದು ಅವಳ ತಲೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು. "ಅಳವ್ವ, ಅಳು" ಎಂದರು.

ನಾನು ಬಸ್ಸಿಗೆ ಹೊರಟಾಗಲೂ ಅವರಿಬ್ಬರೂ ಹಾಗೆಯೇ ಕೂತಿದ್ದರು.